ಪಂದಿಕೊಕ್ಕಿನ ತಲೆಬುರುಡೆ

ಎಪ್ಪತ್ತರ ದಶಕದಲ್ಲಿ ನಾನು ಬಳ್ಳಾರಿಯಲ್ಲಿ ಪತ್ರಿಕೆಯೊಂದರ ವರದಿಗಾರನಾಗಿದ್ದೆ. ಅಲ್ಲಿನ ಕಾಲೇಜೊಂದರ ಪ್ರಾಣಿಶಾಸ್ತ್ರ ಉಪನ್ಯಾಸಕರು ಜಿಲ್ಲೆಯ ಇಲಿಗಳ ತಲೆಬುರುಡೆಗಳ ಪ್ರದರ್ಶನ ಇಟ್ಟಿದ್ದರು. ಮೈಸೂರು ಕಡೆಯವರು. ಐದು ವರ್ಷ ಇಲ್ಲಿದ್ದರೂ ಊರಿನ ಮಾತನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಅದೇ ತಮ್ಮ ಹೆಚ್ಚುಗಾರಿಕೆ ಎಂದು ತಿಳಿದಿದ್ದರು.

ಇಲಿ ಹಿಡಿದು, ಕುದಿಸಿ, ಮಾಂಸ ಬಿಡಿಸಿ, ಬುರುಡೆಗೆ ಚೀಟಿ ಕಟ್ಟಿದವನು ಪ್ರಯೋಗಾಲಯದ ಸಹಾಯಕ, ಸಿರುಗುಪ್ಪ ಹತ್ತಿರದ ದೇಶನೂರಿನವನು. ಹನ್ನೊಂದು ವರ್ಷದ ತಾತ್ಕಾಲಿಕ ನೌಕರಿ ಆ ತಿಂಗಳು ಕಾಯಂ ಆಗುವುದಿತ್ತು. ತನ್ನೂರಿನ ಗದ್ದೆಯಲ್ಲಿ ಹಿಡಿದ, ಮೋಟು ಮೂತಿಯ ಅಗಲ ಬುರುಡೆಗಳಿಗೆ ಅವನು 'ಪಂದಿಕೊಕ್ಕು, ದೇಶನೂರು' ಎಂದು ಬರೆದಿದ್ದ. ಹೆಗ್ಗಣಕ್ಕೆ ಸಿರುಗುಪ್ಪ ಕಡೆ ಬಳಸುವ ತೆಲುಗು ಹೆಸರು ಅದು. ಕುರುಗೋಡಿನ ಒಣ ಹೊಲದ ಇಲಿಗಳದ್ದು ಉದ್ದ ಮೂತಿ, ಮೇಲಿನ ಬಾಚಿಹಲ್ಲಿನ ಮೇಲೊಂದು ಗೀರು.

ಪ್ರದರ್ಶನದ ಹಿಂದಿನ ದಿನ ಉಪನ್ಯಾಸಕರು ಚೀಟಿಯಲ್ಲಿ 'ಕೊಕ್ಕು' ಕಂಡರು. ಕೊಕ್ಕೆಂದ ಮೇಲೆ ಮೂತಿ ಉದ್ದವಿರಲೇಬೇಕೆಂದು, ಯಾರನ್ನೂ ಕೇಳದೆ, ನನ್ನೆದುರಿಗೇ ಎರಡೂ ಊರಿನ ಚೀಟಿಗಳನ್ನು ಅದಲುಬದಲು ಮಾಡಿದರು. ನೀರಿನ ಗದ್ದೆಯಲ್ಲಿ ಇಲಿಯ ಮೂತಿ ಹೇಗೆ ಉದ್ದವಾಯಿತೆಂದು ಒಂದು ಪುಟದ ವಿವರಣೆಯನ್ನೂ ಗೋಡೆಗೆ ಅಂಟಿಸಿದರು.

ಮರುದಿನ ಹೊರಗಿನಿಂದ ಬಂದ ಪ್ರಾಧ್ಯಾಪಕರೊಬ್ಬರು ಹಲ್ಲಿನ ಗೀರು ನೋಡಿ, "ಇದು ಒಣಭೂಮಿಯ ಇಲಿ. ಗದ್ದೆಗೆ ಹೇಗೆ ಬಂತು?" ಎಂದರು.

ಉಪನ್ಯಾಸಕರು ಸಹಾಯಕನ ಕಡೆ ತಿರುಗಿದರು. "ಚೀಟಿ ಕಟ್ಟೋಕೂ ಬರಲ್ವೇನಯ್ಯ ನಿಂಗೆ?"

"ನಾ ಕಟ್ಟಿದ್ದು ಸರಿ ಇತ್ರಿ ಸರ. ನೀವಾ ಬಿಚ್ಚಿ ಬದ್ಲಿ ಮಾಡೀರಿ. ಕೊಕ್ಕು ಅಂದ್ರ ಹಕ್ಕಿ ಕೊಕ್ಕಲ್ರೀ, ಹೆಗ್ಗಣ."

ಪಕ್ಕದಲ್ಲೇ ಇದ್ದ ಪ್ರಾಂಶುಪಾಲರು ಮನೆಯಲ್ಲಿ ತೆಲುಗು ಆಡುವವರು. ನಗು ತಡೆಯಲು ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ ಸಹಾಯಕನಿಗೆ ಹೇಳಿದರು: "ಬಂದವ್ರ ಮುಂದ ಎದುರು ಮಾತಾಡ್ತೀಯೇನ್ಲೇ? ತಪ್ಪಾತು ಅನ್ನು."

ಅವನು ಅನ್ನಲಿಲ್ಲ. ಕಾಯಂ ಪಟ್ಟಿಯಲ್ಲಿ ಅವನ ಹೆಸರು ಬರಲಿಲ್ಲ; ಇದ್ದ ತಾತ್ಕಾಲಿಕ ಕೆಲಸವೂ ಹೋಯಿತು.

ನಾನು ವರದಿಯಲ್ಲಿ, 'ಸಹಾಯಕನಿಂದ ಚೀಟಿಗಳು ಅದಲುಬದಲಾಗಿದ್ದವು ಎಂದು ಉಪನ್ಯಾಸಕರು ತಿಳಿಸಿದರು' ಎಂದು ಬರೆದೆ. ಅವರು ತಿಳಿಸಿದ್ದು ನಿಜ. ಆ ಸಾಲಿನಲ್ಲಿ ಯಾವ ತಪ್ಪೂ ಇಲ್ಲ. ಇಂಥ ತಪ್ಪಿಲ್ಲದ ಸಾಲುಗಳಿಂದಲೇ ನಮ್ಮ ಕಸುಬಿನವರಿಗೆ ಒಳ್ಳೆಯ ಹೆಸರು.

ಕೆಲಸ ಹೋದ ವಾರ ಅವನು ಸಿರುಗುಪ್ಪ ಬಸ್ಸಿನ ಹತ್ತಿರ ಸಿಕ್ಕ.

"ಬಾಳ ಚೊಲೋ ಬರದೀರಿ ಸರ," ಎಂದ. "ನಾನೂ ಚೀಟಿ ಬರೀತಿದ್ದೆ ನೋಡ್ರಿ. ಆದ್ರ ನಾ ಕಣ್ಣಿಲೆ ಕಂಡದ್ದು ಬರೀತಿದ್ದೆ."

ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ. ನನ್ನ ಕಡೆ ನೋಡಲಿಲ್ಲ.