ನಮ್ಮ ಸರ್ ನಂಬಿದ ಕೂಲಿಯ ಪಾಠ

ಕಪ್ಪು ಹಲಗೆಯ ಮೇಲೆ ಗೆರೆ ಎಳೆಯಲು ಕೈ ಎತ್ತಿದರೆ ಸರ್ ಅವರ ಅಂಗಿಯ ಕಂಕುಳಲ್ಲಿ ಬೇರೆ ಬಣ್ಣದ ದಾರದ ಹೊಲಿಗೆ ಕಾಣುತ್ತಿತ್ತು. ಔರಾದಿನ ನಮ್ಮ ಕಾಲೇಜಿನಲ್ಲಿ ಅವರು ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕರು. ಹೆಸರಿಗೆ ಅತಿಥಿ, ಚಹಾ ಮಾತ್ರ ತಾವೇ ಕೊಂಡು ಕುಡಿಯಬೇಕು. ಬೀದರಿನ ಮನೆಯಿಂದ ಬಸ್ಸಿಗೆ ಬಂದು, ಇಲ್ಲಿ ಪಾಠ ಮುಗಿಸಿ, ಭಾಲ್ಕಿಯ ಇನ್ನೊಂದು ಕಾಲೇಜಿಗೆ ಓಡುತ್ತಿದ್ದರು.

ಕಣ್ಣು ಮುಚ್ಚಿ, ಮೂಗಿನಲ್ಲಿ "ಉಳಿದದ್ದೆಲ್ಲಾ ಇದ್ದಂಗ ಇದ್ರ..." ಎನ್ನುವುದು ಅವರ ರೂಢಿ. ನಾನು ಕ್ಲಾಸಿನಲ್ಲಿ ಎಲ್ಲರ ಅಣಕು ಮಾಡುವವನು; ಓದಿನಲ್ಲಿ ಸೊನ್ನೆಯಾದವನಿಗೆ ಏನಾದರೊಂದು ವಿದ್ಯೆ ಬೇಕಲ್ಲ. ಒಮ್ಮೆ ಹಲಗೆಯ ಮೇಲೆ ಗೆರೆ ಎಳೆದು ಅವರಂತೆಯೇ ಪಾಠ ಮಾಡುತ್ತಿದ್ದಾಗ ಸರ್ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡರು.

"ಧ್ವನಿ ಬರೋಬ್ಬರಿ ಅದ ತಮ್ಮಾ. ಗೀಟು ತಪ್ಪ್ಯದ ನೋಡು," ಎಂದು ಸೀಮೆಸುಣ್ಣ ಇಸಿದುಕೊಂಡು ತಿದ್ದಿದರು.

ದುಡಿಮೆಯ ಬೆಲೆ ಎಷ್ಟೋ ಅಷ್ಟೇ ಕೂಲಿ ಸಿಗುತ್ತದೆ ಎಂಬ ಪಾಠವನ್ನು ಅವರು ದೇವರಷ್ಟೇ ನಂಬಿದ್ದರು. ಅತಿಥಿ ಉಪನ್ಯಾಸಕರೆಲ್ಲ ರಜೆಯ ತಿಂಗಳ ಸಂಬಳಕ್ಕಾಗಿ ಬೀದರಿನಲ್ಲಿ ಧರಣಿ ಕೂತಾಗ ಗೆಳೆಯರೊಬ್ಬರು ಕರೆಯಲು ಬಂದರು.

"ಬರ್ರಿ ಸರ. ಸೂಟಿ ತಿಂಗಳದಾಗ ಪಗಾರಿಲ್ಲ. ಹೊಟ್ಟಿಗೂ ಸೂಟಿ ಕೊಡಬೇಕೇನ್ರಿ?"

"ಪಗಾರ ಹೆಚ್ಚಾಗಬೇಕಂದ್ರ ಛಲೋ ಕಲಿಸ್ಬೇಕ್ರಿ. ಒದರಿದ್ರ ಹೆಚ್ಚಾಗಂಗಿಲ್ಲ."

ಕಲಿಸಿದರು. ಭಾನುವಾರವೂ ಬಂದು ಕಲಿಸಿದರು. ಆ ವರ್ಷ ನಾನೂ ಪಾಸಾದೆ; ಇದನ್ನು ಯಾವ ಸಿದ್ಧಾಂತವೂ ಊಹಿಸಿರಲಿಲ್ಲ.

ಮರುವರ್ಷ ಎರಡೂ ಕಾಲೇಜುಗಳಿಗೆ ಕಾಯಂ ಉಪನ್ಯಾಸಕರು ವರ್ಗವಾಗಿ ಬಂದರು. ಸರ್ ಅವರ ಕೆಲಸ ಹೋಯಿತು. ಕೆಲಸ ಹೋದವನನ್ನು ಇನ್ನೊಂದು ಕೆಲಸ ಹುಡುಕಿಕೊಂಡು ಬರುತ್ತದೆ ಎಂದು ನಮಗೆ ಕಲಿಸಿದವರು ಅವರೇ. ಬೀದರಿನ ಪಕ್ಕದ ಕೊಳಾರದ ಗೋದಾಮಿನಲ್ಲಿ ಕೆಲಸ ಕೇಳಿದರೆ, "ಇಷ್ಟು ಓದಿದವ್ರು ನಮಗ್ಯಾಕ್ರಿ?" ಎಂದು ವಾಪಸು ಕಳಿಸಿದರು. ಆಮೇಲೆ ಸರ್ ಮನೆಯಿಂದ ಹೊರಬರುವುದನ್ನೇ ಬಿಟ್ಟರು. ಕಲಿಸುವುದರಲ್ಲಿ ತಾನು ಎಲ್ಲಿ ತಪ್ಪಿದೆ ಎಂದು ದಿನವಿಡೀ ಯೋಚಿಸುತ್ತಿದ್ದರಂತೆ. ಎದೆನೋವು ಬಂದರೂ ಬಾಯಿ ಬಿಡಲಿಲ್ಲ. ಆ ಚಳಿಗಾಲದಲ್ಲೇ ತೀರಿಕೊಂಡರು.

ಮಣ್ಣು ಮುಗಿಸಿ ಬಂದ ಮೇಲೆ ಅವರ ಹೆಂಡತಿ ನನ್ನನ್ನು ಬದಿಗೆ ಕರೆದರು.

"ನಾ ಕಲಿಸೂದ್ರಾಗೇ ಕಮ್ಮಿ ಬಿದ್ದೆ, ಅದಕ್ಕ ತಗದ್ರು ಅಂತಿದ್ರಪ್ಪ. ಖರೇ ಏನು?"

"ಇಲ್ರಿ ಅಮ್ಮೋರೆ. ಭಾಳ ಛಲೋ ಕಲಿಸ್ತಿದ್ರು. ಕಾಯಂ ಮಂದಿ ಬಂದ್ರು, ಅದಕ್ಕ ತಗದ್ರರಿ. ಅಷ್ಟೇ."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

"ಇಷ್ಟು ಸೀದಾ ಮಾತು, ಅಷ್ಟು ಓದಿದವ್ರಿಗಿ ಹ್ಯಾಂಗ ತಿಳೀಲಿಲ್ಲೋ ಯಪ್ಪಾ?"