ಒಂದೂವರೆ ಸೌಟಿನ ಮೀನು

ಮೂವತ್ತೆಂಟು ಚಳಿಗಾಲ ಊರಿನ ರಸ್ತೆಗಳಿಂದ ಹಿಮ ತಳ್ಳುವ ಲಾರಿ ಓಡಿಸಿದ್ದ ಆರ್ವಿಡ್ ಸ್ಕಾರ್ಸ್ಟನ್, ಅರವತ್ತೇಳನೆಯ ವಯಸ್ಸಿನಲ್ಲಿ ಲೈಬ್ರರಿಯ ಕಿಟಕಿ ಪಕ್ಕ ಕೂತು ಮೌಸ್ ತಳ್ಳುವುದನ್ನು ಕಲಿಯತೊಡಗಿದ. ಹದಿನೆಂಟು ಟನ್ನಿನ ಲಾರಿ ಅವನ ಮಾತು ಕೇಳುತ್ತಿತ್ತು. ಅಂಗೈಯಷ್ಟಿದ್ದ ಮೌಸ್ ಕೇಳುತ್ತಿರಲಿಲ್ಲ.

ಈ ಹರೆಯ ಮೀರಿದ ವಿದ್ಯಾಭ್ಯಾಸಕ್ಕೆ ಕಾರಣ ಅವನ ಹೆಂಡತಿ ಸಿಗ್ನಿ. ಅವಳು ತೀರಿಕೊಂಡು ನಾಲ್ಕು ಚಳಿಗಾಲವಾಗಿತ್ತು. ಆದರೂ ದೊಡ್ಡ ಮೀನು ಹಿಡಿದವರ ಚಿತ್ರ ತೂಗುವ ಡುವೇನನ ಗಾಳದಂಗಡಿಯ ಗೋಡೆಯಲ್ಲಿ ಎಲ್ಲರಿಗಿಂತ ಮೇಲಿನ ಮೊಳೆ ಅವಳದೇ. ಹೆಪ್ಪುಗಟ್ಟಿದ ಕೆರೆಯ ಮೇಲೆ ನೀಲಿ ಕೋಟು ತೊಟ್ಟು ಮೊಣಕಾಲೂರಿ ಕೂತ ಸಿಗ್ನಿ, ಮುಂದೆ ಮಂಜಿನ ಮೇಲೆ ಮಲಗಿದ ವಾಲ್‌ಐ ಮೀನು, ಮೀನಿನ ಪಕ್ಕದಲ್ಲಿ ಸೌಟು.

ಸೌಟೆಂದರೆ ಮಂಜಿಗೆ ಕೊರೆದ ತೂತಿನಿಂದ ತೇಲುವ ಮಂಜಿನ ಚೂರು ಎತ್ತಿ ಚೆಲ್ಲುವ ಉದ್ದ ಹಿಡಿಯ ಜಾಲರಿ ಸೌಟು. ಊರವರೆಲ್ಲ ಅದನ್ನು ಕೊಂಡದ್ದು ಡುವೇನನ ಅಂಗಡಿಯಿಂದಲೇ, ಎಲ್ಲವೂ ಒಂದೇ ಅಳತೆ. ಹಾಗಾಗಿ ಇಲ್ಲಿ ಮೀನನ್ನು ಇಂಚಿನಲ್ಲಿ ಹೇಳುವವರು ಪರವೂರಿನವರು ಮಾತ್ರ. ಸಿಗ್ನಿಯ ಮೀನು ಒಂದೂವರೆ ಸೌಟು. ಅವಳ ಶಾಲೆಯ ಗೆಳತಿ, ಆಜನ್ಮ ಪ್ರತಿಸ್ಪರ್ಧಿ ವರ್ನಾಳ ಮೀನು ಒಂದೂಕಾಲು ಸೌಟು, ಮೇಲೊಂದು ಬೆರಳು. ಆ ಬೆರಳನ್ನು ಹೇಳಲು ವರ್ನಾ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಮರೆತವಳಲ್ಲ.

ಕಳೆದ ಶರತ್ಕಾಲದಲ್ಲಿ ಅಂಗಡಿಯ ಮಾಡು ಸೋರಿ, ಚಿತ್ರದ ಮೇಲೆ ಕಾಫಿ ಚೆಲ್ಲಿದಂಥ ಕಂದು ಕಲೆ ಹರಿಯಿತು. ಚಳಿಗಾಲದ ಒಂದು ಶನಿವಾರ ಊರಿನ ಮೀನು ಪಂದ್ಯಕ್ಕೆ ಐವತ್ತು ವರ್ಷ ತುಂಬುವುದಿತ್ತು. ಗೋಡೆಗೆ ಬಣ್ಣ ಬಳಿದು ಚಿತ್ರಗಳನ್ನು ಹೊಸದಾಗಿ ತೂಗುಹಾಕುವ ಏರ್ಪಾಡಾಗಿತ್ತು. ಕಲೆಯಾದದ್ದನ್ನು ತೂಗುಹಾಕುವುದಿಲ್ಲ, ಸೌಟು ಸರಿಯಾಗಿ ಕಾಣದಿದ್ದರೆ ಅಳತೆಯೂ ಇಲ್ಲ ಎಂದು ಡುವೇನ್ ಹೇಳಿಬಿಟ್ಟ. ಅಳತೆಯಿಲ್ಲದಿದ್ದರೆ ಮೇಲಿನ ಮೊಳೆ ವರ್ನಾಳಿಗೆ. ಕಲೆ ತೆಗೆಯುವುದೂ ಒಂದು ಕಲೆಯೇ ಎಂಬುದು ಆರ್ವಿಡನಿಗೆ ಗೊತ್ತಾದದ್ದು ಆಗ.

ಮಂಗಳವಾರ, ಗುರುವಾರ ಬೆಳಿಗ್ಗೆ ಹತ್ತಕ್ಕೆ, ಹಳೆಯ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತಿದ್ದುವ ಪಾಠ. ಕಲಿಸುವವಳು ಲೈಬ್ರರಿಯ ಪಾ ಹುವಾ. ಸಹಪಾಠಿ ಒಬ್ಬಳೇ, ಮಗಳ ಮದುವೆಯ ಚಿತ್ರದಿಂದ ಮಾಜಿ ಅಳಿಯನನ್ನು ತೆಗೆದು ಆ ಜಾಗದಲ್ಲಿ ಹೂದಾನಿ ಇಡಲು ಬಂದ ಗ್ಲಾಡಿಸ್. ಮೂಲ ಚಿತ್ರವನ್ನು ಮುಟ್ಟಬಾರದು, ಅದರ ಮೇಲೊಂದು ಪದರ ಹಾಸಿ ಅದರಲ್ಲಿ ಕೆಲಸ ಮಾಡಬೇಕು ಎಂದಳು ಪಾ ಹುವಾ. ಗ್ಲಾಡಿಸ್‌ಗೆ ಅರ್ಥವಾಗಲಿಲ್ಲ. ಆರ್ವಿಡ್ ತಲೆದೂಗಿದ. ಅವನೇ ಆಗ ಬನಿಯನ್ನು, ಉದ್ದ ತೋಳಿನ ಒಳಂಗಿ, ಉಣ್ಣೆ ಅಂಗಿ, ಸ್ವೆಟರು ಎಂದು ನಾಲ್ಕು ಪದರ ಹೊದ್ದು ಕೂತಿದ್ದ. ಪದರದ ತತ್ವವನ್ನು ಈ ಊರಿನವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಒಂದು ಕಡೆಯ ಚೂರನ್ನು ಎತ್ತಿ ಇನ್ನೊಂದು ಕಡೆ ಹಚ್ಚುವ ಕುಂಚ ಕೈಗೆ ಸಿಕ್ಕ ದಿನ ಅವನು ಊಟ ಮರೆತ. ಚಿತ್ರವನ್ನು ದೊಡ್ಡದು ಮಾಡಿದ, ಇನ್ನೂ ದೊಡ್ಡದು ಮಾಡಿದ. ಸಿಗ್ನಿ ಮಾಯವಾಗಿ ಅವಳ ಕೋಟು ಉಳಿಯಿತು. ಕೋಟು ಮಾಯವಾಗಿ ನೀಲಿಯ ಚೌಕಗಳು ಉಳಿದವು, ಅವಳೇ ಹೊಲಿದ ಕೌದಿಯ ಹಾಗೆ. ಅವನು ಆ ಚೌಕಗಳ ನಡುವೆ ಅಲೆದ. ಒಂದು ಚೌಕ ಮಾರ್ಚ್ ತಿಂಗಳ ಸಂಜೆಯ ನೀಲಿ, ಪಕ್ಕದ್ದು ಅಡುಗೆಮನೆಯ ಬಟ್ಟಲಿನ ನೀಲಿ, ಅದರ ಪಕ್ಕದ್ದಕ್ಕೆ ಹೆಸರಿರಲಿಲ್ಲ. ಕಿಟಕಿಯ ಹೊರಗೆ ಹಿಮ ಬೀಳುತ್ತಿತ್ತು, ಪರದೆಯೊಳಗೂ ಬಿಳಿ. ಎಲ್ಲಿ ಕೂತಿದ್ದೇನೆಂಬುದು ಆಗೀಗ ತಪ್ಪಿಹೋಗುತ್ತಿತ್ತು. ಕಂದು ಕಲೆಯನ್ನು ಚೂರುಚೂರಾಗಿ ಎತ್ತಿ ಚೆಲ್ಲುತ್ತಿದ್ದರೆ ತೂತಿನ ಬಾಯಲ್ಲಿ ಕೂತು ಮಂಜು ಎತ್ತುತ್ತಿರುವಂತೆಯೇ ಅನ್ನಿಸುತ್ತಿತ್ತು. ಕೆಳಗಿನ ಕಪ್ಪು ನೀರಿನಲ್ಲಿ ಯಾವುದೋ ನಿಧಾನವಾಗಿ ಹಾದುಹೋದ ಹಾಗೆ. ಸೌಟಿನ ಹಿಡಿಯ ತುದಿ ಕಲೆಯಡಿ ಮುಳುಗಿತ್ತು. ಅಲ್ಲೊಂದು ಕೆಂಪು ಮಿಶ್ರಿತ ಕೊಳಕು ಕಂಡಿತು, ಒರೆಸಿದ. ಹಿಡಿಯ ಗೆರೆಯನ್ನು ಮುಂದಕ್ಕೆ ಎಳೆದ. ಎಳೆಯುವುದು ಹಿತವಾಗಿತ್ತು, ಮೊದಲ ಹಿಮ ಬಿದ್ದ ನೇರ ರಸ್ತೆಯಲ್ಲಿ ಲಾರಿ ಬಿಟ್ಟಷ್ಟು ಹಿತ. ಇನ್ನಷ್ಟು ಎಳೆದ.

ಮುಗಿದ ಮೇಲೆ, ಮನೆ ಬಾಗಿಲಲ್ಲಿ ಕೋಟು ಸ್ವೆಟರು ಕಳಚುವ ಅಭ್ಯಾಸದಂತೆ, ಪದರಗಳನ್ನೆಲ್ಲ ಮತ್ತೆ ಬಿಡಿಸಲಾಗದಂತೆ ಒಂದಾಗಿಸಿ ಉಳಿಸಿಟ್ಟುಬಿಟ್ಟ.

ಇತ್ತ ಅಂಗಡಿಯಲ್ಲಿ ಅವನ ಪಾಠದ ಸುದ್ದಿಗೆ ಬಾಲ ಬೆಳೆದಿತ್ತು. ಮೀನು ಸಾಯುವವರೆಗೆ ಬೆಳೆಯುತ್ತದಂತೆ, ಸಿಗ್ನಿಯದು ಸತ್ತ ಮೇಲೂ ಬೆಳೆಯುತ್ತಿದೆ ಎಂದು ಯಾರೋ ಹೇಳಿದ್ದರು. ಹೋದವಾರಕ್ಕೆ ಎರಡು ಸೌಟಾಯಿತಂತೆ, ಶನಿವಾರದ ಹೊತ್ತಿಗೆ ತಿಮಿಂಗಿಲವಾಗುತ್ತದೆ ಎಂದು ಇನ್ನೊಬ್ಬರು. ವರ್ನಾ ಮಾತ್ರ ಕಾಫಿ ಕುಡಿಯುತ್ತ ಸುಮ್ಮನಿದ್ದಳು. ವರ್ನಾ ಸುಮ್ಮನಿರುವುದು ಊರಿನಲ್ಲಿ ಒಳ್ಳೆಯ ಲಕ್ಷಣವೆಂದು ಯಾರೂ ಎಣಿಸುವುದಿಲ್ಲ.

ಗುರುವಾರ ಮಧ್ಯಾಹ್ನ ಆರ್ವಿಡ್ ಚಿತ್ರ ತಂದ. ಕಲೆಯ ಸುಳಿವೂ ಇರಲಿಲ್ಲ. ಡುವೇನ್ ಮೀನಿನ ಮೇಲೆ ದಾರ ಹಿಡಿದ, ಸೌಟಿನ ಮೇಲೆ ಹಿಡಿದ, ಮತ್ತೊಮ್ಮೆ ಹಿಡಿದ. ನಾಲ್ಕು ತಲೆಗಳು ಬಗ್ಗಿದವು.

"ಒಂದೂಕಾಲು," ಎಂದ ಡುವೇನ್. "ಅಲ್ಲಯ್ಯಾ ಆರ್ವಿಡ್, ದೊಡ್ಡದು ಮಾಡ್ತೀಯ ಅಂತ ನಾವೆಲ್ಲ ಕಾಯ್ತಾ ಕೂತಿದ್ರೆ, ನೀನು ಚಿಕ್ಕದು ಮಾಡ್ಕೊಂಡು ಬಂದಿದ್ದೀಯಲ್ಲೋ."

ಸೌಟು ಉದ್ದವಾಗಿ ಸಿಗ್ನಿ ಔಟು. ಒಂದು ಬೆರಳಿನಿಂದ ಮೇಲಿನ ಮೊಳೆ ವರ್ನಾಳದಾಗಿತ್ತು. ಆರ್ವಿಡ್ ಟೋಪಿ ಕೈಯಲ್ಲಿ ಹಿಡಿದು, ಕಣ್ಣೆತ್ತದೆ, ತಾನು ಕಲಿತದ್ದೇ ಅಷ್ಟು ಎಂದ.

ವರ್ನಾ ಕನ್ನಡಕ ಏರಿಸಿ ಚಿತ್ರವನ್ನು ಮೂಗಿನ ಹತ್ತಿರಕ್ಕೆ ತಂದುಕೊಂಡಳು. ಇಪ್ಪತ್ತೆರಡು ವರ್ಷ ಕಾದ ಮೊಳೆ. ಬಾಯಿ ಮುಚ್ಚಿಕೊಂಡರೆ ಸಾಕಿತ್ತು.

"ಕೆಂಪು ಉಣ್ಣೆ ಎಲ್ಲೋ?" ಎಂದಳು.

ಯಾವ ಉಣ್ಣೆ ಎಂದು ಆರ್ವಿಡ್ ಚಿತ್ರದತ್ತ ಬಗ್ಗಿದ.

"ಹಿಡಿ ತುದೀಲಿ ಕೆಂಪು ಉಣ್ಣೆ ಸುತ್ತಿತ್ತಲ್ಲ, ಜಾರಬಾರದು ಅಂತ. ನಾನೇ ಸುತ್ತಿಕೊಟ್ಟಿದ್ದು. ಅದೂ ಮರ್ತುಹೋಯ್ತಾ ನಿಂಗೆ?"

ಅವನು ಹೊಸ ಬಣ್ಣ ಬಳಿದ ಗೋಡೆಯನ್ನೇ ನೋಡಿದ. ಕೊಳಕೆಂದು ಒರೆಸಿಹಾಕಿದ ಕೆಂಪು ಈಗ ಕಣ್ಣೆದುರು ಬಂತು. ಮೀನು ಕುಗ್ಗಿದ್ದಕ್ಕಿಂತ ಅದನ್ನು ಮರೆತದ್ದು ಅವನನ್ನು ಹೆಚ್ಚು ಕುಗ್ಗಿಸಿತು. ಮೂಲ ಚಿತ್ರ ಎಲ್ಲಿದೆ ಎಂದು ಡುವೇನ್ ಕೇಳಿದಾಗ, ಮೂರನೆಯ ಪದರದ ಜೇಬಿನಿಂದ ಆ ಕಲೆಬಿದ್ದ ಹಳೆಯ ಕಾಗದ ಹೊರಗೆ ಬಂತು.

ಮರುದಿನ ಪಾಠವಿರಲಿಲ್ಲ. ಆದರೂ ಪಾ ಹುವಾ ಒಂಬತ್ತಕ್ಕೇ ಬಾಗಿಲು ತೆರೆದಳು. ಹಳೆಯ ಚಿತ್ರವನ್ನು ಮತ್ತೆ ಯಂತ್ರದಲ್ಲಿಟ್ಟು ಪರದೆಗೆ ತಂದಳು. ವರ್ನಾ ಬಗಲಲ್ಲಿ ಸಿಗ್ನಿಯ ಸೌಟು ಹಿಡಿದು ಬಂದಳು. ಸಿಗ್ನಿ ಹಾಸಿಗೆ ಹಿಡಿದ ವರ್ಷ ಅದನ್ನು ಅವಳಿಗೆ ಕೊಟ್ಟಿದ್ದಳಂತೆ. ಕೆಂಪು ಉಣ್ಣೆ ಸವೆದು ಗುಲಾಬಿಯಾಗಿತ್ತು.

"ಆರ್ವಿಡ್ ಅವರೇ, ಈ ಸಲ ಪದರ ಕಳಚಬೇಡಿ," ಎಂದಷ್ಟೇ ಹೇಳಿ ಪಾ ಹುವಾ ತನ್ನ ಮೇಜಿಗೆ ಹೋದಳು.

ಚಿತ್ರ ದೊಡ್ಡದಾಯಿತು, ಇನ್ನೂ ದೊಡ್ಡದಾಯಿತು. ಇಬ್ಬರೂ ನೀಲಿ ದಾಟಿ ಕಂದಿನೊಳಗೆ ಇಳಿದರು. ಅವನು ಮಂಜೆತ್ತುವ ಹಾಗೆ ಎತ್ತುತ್ತ ಹೋದ. ವರ್ನಾ ಸೌಟನ್ನು ಪರದೆಯ ಪಕ್ಕ ಹಿಡಿದು, ಸುತ್ತುಗಳನ್ನು ಎಣಿಸುತ್ತ ದಾರಿ ಹೇಳಿದಳು. ಬಹಳ ಹೊತ್ತಾದ ಮೇಲೆ, ಕಂದಿನ ಅಡಿಯಿಂದ ಕೆಂಪಿನ ನಾಲ್ಕು ಚೌಕಗಳು ಮೇಲೆ ತೇಲಿಬಂದವು.

"ಅದೇ," ಎಂದಳು ವರ್ನಾ. "ಅಲ್ಲೇ ನಿಲ್ಸು. ಹಿಡಿ ಮುಗಿಯೋದೇ ಅಲ್ಲಿ."

ಅವನು ನಿಲ್ಲಿಸಿದ. ಮೌಸ್ ಮೊದಲ ಬಾರಿಗೆ ಮಾತು ಕೇಳಿತು. ಆಕಾಶದ ಮೂಲೆಯಲ್ಲಿ ಇನ್ನೂ ಒಂದಿಷ್ಟು ಕಲೆಯಿತ್ತು. ಅಳತೆಗೆ ಅಡ್ಡಿಯಿಲ್ಲ, ಇರಲಿ ಎಂದು ಬಿಟ್ಟ. ಅದು ಸಂಜೆಯ ಮೋಡದಂತೆ ಕಾಣುತ್ತಿತ್ತು.

ವರ್ನಾ ಜೇಬಿನಿಂದ ದಾರ ತೆಗೆದು ಪರದೆಗೆ ಹಿಡಿದಳು. ಒಂದೂವರೆ. ನಿಟ್ಟುಸಿರು ಬಿಟ್ಟು ದಾರವನ್ನು ಬೆರಳಿಗೆ ಸುತ್ತಿಕೊಂಡಳು.

ಮೊಳೆ ಕೈ ತಪ್ಪಿತಲ್ಲ ಎಂದು ಆರ್ವಿಡ್ ಮೆಲ್ಲನೆ ಅಂದ.

"ತಪ್ಪಿದ್ರೆ ತಪ್ಲಿ ಬಿಡು. ನಾಳೆ ಈ ಸೌಟೇ ಹಿಡ್ಕೊಂಡು ಕೆರೆಗೆ ಹೋಗ್ತೀನಿ. ಅವಳನ್ನ ಸೋಲಿಸಿದ್ರೆ ಮೀನಿಂದ ಸೋಲಿಸ್ತೀನಿ ಕಣೋ, ನಿನ್ನ ಕೈಗುಣದಿಂದಲ್ಲ."

ಅವನು ಚಿತ್ರವನ್ನು ಚಿಕ್ಕದು ಮಾಡುತ್ತ ಬಂದ. ಚೌಕಗಳು ಕೂಡಿ ಕೋಟಾಯಿತು, ಕೋಟಿನ ಮೇಲೆ ಮುಖ ಬಂತು. ಸಿಗ್ನಿ ಮಂಜಿನ ಮೇಲೆ ಮೊಣಕಾಲೂರಿ, ಕೆಂಪು ತುದಿಯ ಸೌಟಿನ ಪಕ್ಕ, ಯಾರೋ ಇನ್ನೊಬ್ಬಳು ಬಂದು ಕೂರಲೆಂದು ತುಸು ಸರಿದು ಕೂತ ಹಾಗಿದ್ದಳು.