ದೋಣಿಯ ಹಿಂದಿನ ಹಲಗೆ

ಇಂದಿರಾನಗರದ ನಮ್ಮ ಆಫೀಸಿನಲ್ಲಿ ನನ್ನನ್ನು ಓನರ್ ಎಂದೇ ಕರೆಯುತ್ತಿದ್ದರು. ಕೆ.ಆರ್. ಪುರದ ಕೆರೆಯ ಕೆಳಗಿದ್ದ ನಮ್ಮ ಗದ್ದೆ ಸೈಟುಗಳಾಗಿ, ಉಳಿದ ಜಾಗದಲ್ಲಿ ಅಪ್ಪ ಸಾಲುಮನೆ ಕಟ್ಟಿಸಿ ರಾಯಚೂರು ಕಡೆಯಿಂದ ಬಂದವರಿಗೆ ಬಾಡಿಗೆಗೆ ಕೊಟ್ಟದ್ದು ಎಲ್ಲರಿಗೂ ಗೊತ್ತಿತ್ತು. ಸಂಬಳ ತಡವಾದರೆ, ನಿನಗೇನಪ್ಪ ಬಾಡಿಗೆ ಬರುತ್ತೆ ಎನ್ನುತ್ತಿದ್ದರು. ನಗುತ್ತಿದ್ದೆ, ಒಳಗೆ ಉರಿಯುತ್ತಿತ್ತು. ಅಪ್ಪನ ಗಳಿಕೆಯಲ್ಲಿ ಬದುಕುವವನು ಎಂಬ ಹೆಸರು ಹೋಗಬೇಕು, ನನ್ನದು ಅಂತ ಒಂದಾದರೂ ಇರಬೇಕು ಎಂಬುದೇ ಆಗ ನನ್ನ ಹಟ.

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಆಫೀಸಿನವರೆಲ್ಲ ಊರಾಚೆಯ ಜಲಾಶಯವೊಂದಕ್ಕೆ ಹೊರಟರು. ಅಲ್ಲಿ ವೇಕ್‌ಬೋರ್ಡಿಂಗ್ ಆಡಿಸುತ್ತಾರಂತೆ. ಹಾಗಂದರೇನು ಎಂದು ಕೇಳಿದ್ದಕ್ಕೆ ಮ್ಯಾನೇಜರ್ ಉತ್ಸಾಹದಿಂದ ವಿವರಿಸಿದರು. ಮೋಟಾರು ದೋಣಿ ಓಡುವಾಗ ಅದರ ಹಿಂದೆ ಏಳುವ ಅಲೆಗೆ ವೇಕ್ ಎನ್ನುತ್ತಾರೆ. ಕಾಲನ್ನು ಹಲಗೆಗೆ ಬಿಗಿದುಕೊಂಡು, ದೋಣಿಗೆ ಕಟ್ಟಿದ ಹಗ್ಗ ಹಿಡಿದು, ಆ ಅಲೆಯ ಮೇಲೆ ಜಾರುವುದೇ ಆಟ. ಕಡಲಿನ ಅಲೆಗಳ ಮೇಲೆ ಹಲಗೆ ಓಡಿಸುವವರು ಅಲೆ ಏಳದ ದಿನ ಸುಮ್ಮನಿರಲಾರದೆ ದೋಣಿಗೆ ಹಗ್ಗ ಕಟ್ಟಿದರಂತೆ, ಶುರುವಾದದ್ದು ಹಾಗೆ. ಹಲಗೆಗೆ ಕಾಲುಪಟ್ಟಿ, ಬೂಟು ಬಂದದ್ದು ಆಮೇಲೆ.

ನನಗೆ ಬಾಯಿ ಮುಚ್ಚಿಕೊಂಡಿರಲಾಗಲಿಲ್ಲ. ಇದರಲ್ಲೇನಿದೆ, ನಾಟಿಗೆ ಮುಂಚೆ ಕೆಸರುಗದ್ದೆ ಸಮ ಮಾಡಲು ನಾವೂ ಎತ್ತಿನ ಹಿಂದೆ ಹಲಗೆ ಕಟ್ಟಿ ಅದರ ಮೇಲೆ ನಿಲ್ಲುತ್ತಿದ್ದೆವು, ಚಿಕ್ಕವನಿದ್ದಾಗ ನಾನೇ ನಿಂತಿದ್ದೇನೆ, ಒಂದೇ ಸಲಕ್ಕೆ ಎದ್ದು ತೋರಿಸುತ್ತೇನೆ ಎಂದುಬಿಟ್ಟೆ. ಜಂಬ ಕೊಚ್ಚಿಕೊಂಡೆನಾದರೂ ಸುಳ್ಳು ಹೇಳಲಿಲ್ಲ, ಹಾಗೆಂದೇ ನಂಬಿದ್ದೆ. ಕೆಸರಿನ ವಾಸನೆ, ಹಗ್ಗ ಜಗ್ಗುವ ಕೈ ಎಲ್ಲ ಕಣ್ಣಿಗೆ ಕಟ್ಟಿದಂತಿತ್ತು.

ಮಂಡಿ ಮಡಚಿ, ಕೈ ನೀಳವಾಗಿ ಬಿಡಿ, ಹಗ್ಗ ಎಳೆಯಬೇಡಿ, ದೋಣಿಯೇ ನಿಮ್ಮನ್ನು ಎಬ್ಬಿಸುತ್ತದೆ ಎಂದು ಕಲಿಸುವಾತ ಹೇಳಿದ. ದೋಣಿ ಹೊರಟಿತು. ನನ್ನ ಕೈ ಮಾತು ಕೇಳಲಿಲ್ಲ. ಹಗ್ಗವನ್ನು ಎದೆಗೆ ಎಳೆದುಕೊಂಡೆ, ಅಂಗಾತ ಬಿದ್ದೆ. ಮತ್ತೆ ಮತ್ತೆ ಅದೇ ಆಯಿತು. ಕೊನೆಗೆ ಗಾಬರಿಯಲ್ಲಿ, ಎತ್ತು ನಿಲ್ಲಿಸುವ ಹಾಗೆ ‘ಹೋ, ಹೋ’ ಎಂದು ದೋಣಿಗೆ ಕೂಗಿದೆ. ದಡದಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ನಂತರ ಹೋದ, ಈಜು ಕೂಡ ಬಾರದ ಅಕೌಂಟ್ಸ್ ಹುಡುಗಿ ಲೈಫ್ ಜಾಕೆಟ್ ತೊಟ್ಟು ಎರಡನೇ ಸಲಕ್ಕೇ ಎದ್ದು ನಿಂತಳು. ನಾಚಿಕೆಯಿಂದ ಕಿವಿ ಸುಡುತ್ತಿತ್ತು. ವಾಪಸು ಬರುವಾಗ, ಬಸ್ಸು ನಾನಿಳಿಯುವ ಟಿನ್ ಫ್ಯಾಕ್ಟರಿ ಸ್ಟಾಪಿಗೆ ಬರುವವರೆಗೂ ನಿದ್ದೆ ಬಂದವನಂತೆ ಕಣ್ಣು ಮುಚ್ಚಿಕೊಂಡಿದ್ದೆ.

ಮನೆಗೆ ಬಂದಾಗ ಅಪ್ಪ ಜಗಲಿಯ ಮೇಲಿದ್ದರು. ಹೇಗಾಯ್ತು ಎಂದು ಕೇಳಿದರು, ನಡೆದದ್ದನ್ನು ಹೇಳಿದೆ. ಗದ್ದೆಯ ಹಲಗೆಯ ವಿಷಯಕ್ಕೆ ಅವರ ಮುಖ ಅರಳಿತು. ಹಗ್ಗ ಎಳೆದೆ ಎಂದಾಗ ತಲೆಯಾಡಿಸಿದರು.

“ಎಳೆದ್ರೆ ಎತ್ತು ನಿಂತೋಗುತ್ತಲ್ಲೋ. ಬಿಟ್ಕೊಡ್ಬೇಕು.”

ಗದ್ದೆಯಲ್ಲಿ ನಾನು ಎಳೆದೇ ಹಿಡಿಯುತ್ತಿದ್ದೆನಲ್ಲ ಎಂದು ಸಿಡುಕಿದೆ. ಅಪ್ಪ ನಕ್ಕರು.

“ನೀನೆಲ್ಲಿ ಹಿಡ್ದಿದ್ದೆ ಹಗ್ಗ? ನಿಂತ್ಕೊಳ್ತಿದ್ದಿದ್ದು ನಾನು. ಹಲಗೆಗೆ ಭಾರ ಸಾಲ್ದು ಅಂತ ನಿನ್ನ ಕೂರಿಸ್ಕೊತಿದ್ದೆ. ನನ್ನ ಕಾಲು ತಬ್ಕೊಂಡು ಕೂತಿರ್ತಿದ್ದೆ.”

ಅವರ ದನಿಯಲ್ಲಿ ಮುದ್ದೇ ಇತ್ತು. ನನಗೆ ತಲೆ ಎತ್ತಲಾಗಲಿಲ್ಲ.